ಸಹಾಯ ಬೇಕು: ಸರ್ವರ್‌ಗೆ ಉಬುಂಟು 22.04 ಹಾಕಲೋ, 24.04 ಹಾಕಲೋ?

ಎಲ್ಲರಿಗೂ ನಮಸ್ಕಾರ. ನನ್ನ ಕ್ಲೌಡ್ ಸರ್ವರ್‌ನಲ್ಲಿ ಇನ್ನೂ ಸೆಂಟ್‌ಓಎಸ್ 7 ಇದೆ (ಇದೂ ಉಬುಂಟು ಥರದ್ದೇ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್). ಅದಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿತು, ಅಲ್ವಾ? ಅದಕ್ಕೇ 1 ಜಿಬಿ ರ‍್ಯಾಮ್‌ನ ಹೊಸ ಸರ್ವರ್ ಮಾಡುತ್ತಿದ್ದೇನೆ. ಒಂದು ಪೈಥಾನ್ ಆ್ಯಪ್, ಜೊತೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಷ್ಟೇ.

ಮೊದಲು ಉಬುಂಟು 24.04 ಇಮೇಜ್ ಹಾಕಿದೆ. ಅದರಲ್ಲಿ ಬರೋದು ಪೈಥಾನ್ 3.12, ಅದರಿಂದ ಡಿಸ್ಟ್‌ಯುಟಿಲ್ಸ್ (ಲೈಬ್ರರಿ ಇನ್‌ಸ್ಟಾಲ್ ಮಾಡಲು ಬಳಸುತ್ತಿದ್ದ ಹಳೇ ಮಾಡ್ಯೂಲ್) ತೆಗೆದುಬಿಟ್ಟಿದ್ದಾರೆ, ನನ್ನ ಒಂದು ಹಳೇ ಲೈಬ್ರರಿ ಅದಿಲ್ಲದೆ ಇನ್‌ಸ್ಟಾಲ್ ಆಗುವುದೇ ಇಲ್ಲ. ವರ್ಚುವಲ್ ಎನ್ವಿರಾನ್ಮೆಂಟ್ (ಆ್ಯಪ್‌ಗೆಂದೇ ಲೈಬ್ರರಿಗಳನ್ನು ಬೇರೆ ಇಡುವ ಜಾಗ) ಮಾಡಿದರೂ ಅದೇ ಎರರ್. ಎಲ್ಲ ಅಳಿಸಿ 22.04 ಹಾಕಿದೆ, ಅದರಲ್ಲಿ ಪೈಥಾನ್ 3.10 ಇದೆ, ಸಲೀಸಾಗಿ ಓಡಿತು. ಆದರೆ ಅದರ ಮಾಮೂಲಿ ಸಪೋರ್ಟ್ 2027ಕ್ಕೆ ಮುಗಿಯುತ್ತದೆ, 24.04ಕ್ಕೆ 2029ರವರೆಗೂ ಇದೆ. ಇಷ್ಟು ಬೇಗ ಮತ್ತೆ ಸರ್ವರ್ ಬದಲಿಸುವ ಶಕ್ತಿ ನನಗಿಲ್ಲ.

24.04 ಹಾಕಿ, ಡಾಕರ್ (ಆ್ಯಪನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸುವ ಟೂಲ್) ಒಳಗೆ ಪೈಥಾನ್ 3.10 ಓಡಿಸಿದರೆ 1 ಜಿಬಿ ಸಾಕಾಗುತ್ತದಾ? ಇಲ್ಲ 22.04ರಲ್ಲೇ ಇರಲಾ?