ರೋಡ್ ಬೈಕಿಗೆ ಕ್ಲಿಪ್‌ಲೆಸ್ ಪೆಡಲ್: ಎರಡು ಬೋಲ್ಟೋ, ಮೂರು ಬೋಲ್ಟೋ?

ಕೇಳಿದವರು, ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು ನಲವತ್ತು ದಾಟಿದೆ. ಕಳೆದ ವರ್ಷ ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್ ಕೊಂಡೆ. ಅದರ ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲ್‌ಗಳೇ ಇನ್ನೂ ಇವೆ. ಬೆಳಿಗ್ಗೆ ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯವರೆಗೆ ಹೋಗಿ ಬರುತ್ತೇನೆ, ಭಾನುವಾರ ಸಂಡೂರು ಅಥವಾ ಸಿರುಗುಪ್ಪದ ಕಡೆಗೆ ಹೋಗುತ್ತೇನೆ. ಬರುವ ಚಳಿಗಾಲದಲ್ಲಿ 200 ಕಿ.ಮೀ. ಬ್ರೆವೆಯೊಂದನ್ನು (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸುವ ಆಸೆಯಿದೆ. ಶೂ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ಕ್ಲೀಟ್ ಎಂಬ ತುಂಡನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲ್ ಹಾಕಿಸೋಣವೆಂದರೆ ಎರಡು ಬೋಲ್ಟಿನದನ್ನು ಕೊಳ್ಳಬೇಕೋ ಮೂರು ಬೋಲ್ಟಿನದನ್ನು ಕೊಳ್ಳಬೇಕೋ ತಿಳಿಯುತ್ತಿಲ್ಲ. ರಾಯಲ್ ಸರ್ಕಲ್‌ನಂತಹ ಜಾಗದಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ ಬಿದ್ದರೆ ಏನು ಗತಿ ಎಂಬ ಭಯವೂ ಇದೆ. ಬಲಗಾಲಿನ ಮಂಡಿ ಆಗಾಗ ನೋಯುತ್ತದೆ. ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ತೋರಣಗಲ್ಲಿನಿಂದ:

ನಮಸ್ಕಾರ ಸರ್. ನೀವು ಪೆಡಲ್ ಬಗ್ಗೆ ಕೇಳಿದ್ದೀರಿ, ನಾನು ಶೂನಿಂದ ಆರಂಭಿಸುತ್ತೇನೆ. ಏಕೆಂದರೆ ಶೂ ಯಾವುದೆಂದು ನಿರ್ಧಾರವಾದರೆ ಪೆಡಲ್ ಪ್ರಶ್ನೆಯ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ. ಶೂ ಅಟ್ಟೆಯಲ್ಲಿ ಎರಡು ಬೋಲ್ಟಿಗೆ ಜಾಗವಿದ್ದರೆ ಅದು ಶಿಮಾನೊ ಕಂಪನಿಯ ಎಸ್‌ಪಿಡಿ ಮಾದರಿಯ ಸಣ್ಣ ಉಕ್ಕಿನ ಕ್ಲೀಟ್‌ಗೆ ಹೊಂದುತ್ತದೆ. ತ್ರಿಕೋನದಂತೆ ಮೂರು ತೂತುಗಳಿದ್ದರೆ ಶಿಮಾನೊದ್ದೇ ಎಸ್‌ಪಿಡಿ-ಎಸ್‌ಎಲ್ ಅಥವಾ ಲುಕ್ ಕಂಪನಿಯ ಕಿಯೊ ಮಾದರಿಯ ಅಗಲವಾದ ಪ್ಲಾಸ್ಟಿಕ್ ಕ್ಲೀಟ್‌ಗೆ ಹೊಂದುತ್ತದೆ. ಎಸ್‌ಪಿಡಿ-ಎಸ್‌ಎಲ್, ಕಿಯೊ ಈ ಎರಡರ ಕ್ಲೀಟ್‌ಗಳೂ ಒಂದೇ ಮೂರು ತೂತಿನ ಶೂಗೆ ಕೂರುತ್ತವೆ, ಆದರೆ ಒಂದರ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಕೂರುವುದಿಲ್ಲ. ಆನ್‌ಲೈನ್‌ನಲ್ಲಿ ಬಿಡಿ ಕ್ಲೀಟ್ ತರಿಸುವಾಗ ಇದನ್ನು ಖಚಿತಪಡಿಸಿಕೊಳ್ಳಿ.

ಮೂರು ಬೋಲ್ಟಿನ ಪದ್ಧತಿ ಸ್ಪರ್ಧೆಯ ಅಂಗಳದಿಂದ ಬಂದದ್ದು. ಹಿಮದ ಮೇಲೆ ಜಾರುವ ಸ್ಕೀಗೆ ಬೂಟನ್ನು ಕಚ್ಚಿಸುವ ಬೈಂಡಿಂಗ್ ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದನ್ನು ಹೊರತಂದಿತು. ಮರುವರ್ಷವೇ ಫ್ರಾನ್ಸಿನ ಸೈಕಲ್ ಸ್ಪರ್ಧಿ ಬರ್ನಾರ್ ಇನೋ ಆ ಪೆಡಲ್‌ಗಳ ಮೇಲೆ ಟೂರ್ ದ ಫ್ರಾನ್ಸ್ ಗೆದ್ದರು. ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಮಾತ್ರ ಮೌಂಟನ್ ಬೈಕಿನವರಿಗಾಗಿ, ಅಂದರೆ ನಡುದಾರಿಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆಯಬೇಕಾದವರಿಗಾಗಿ ಹುಟ್ಟಿದ್ದು. ಅದರ ಕ್ಲೀಟ್ ಅಟ್ಟೆಯ ರಬ್ಬರಿನ ನಡುವೆ ಹುದುಗಿರುವುದರಿಂದ ನಡೆಯುವಾಗ ನೆಲಕ್ಕೆ ತಾಗುವುದೇ ಕಡಿಮೆ.

ಹಾಗಾಗಿ ನಿಮ್ಮ ಕಾಲು ದಿನದಲ್ಲಿ ಎಷ್ಟು ಸಲ, ಎಂತಹ ನೆಲದ ಮೇಲೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ. ಕುಡತಿನಿಯಲ್ಲಿ ಚಹಾಕ್ಕೆ ನಿಲ್ಲುತ್ತೀರಿ, ಸಂಡೂರಿನಿಂದ ಬರುವಾಗ ಒಗ್ಗರಣೆ ಮಿರ್ಚಿಗೆ ನಿಲ್ಲದೆ ಬರುವವರು ನನ್ನ ಬಳಗದಲ್ಲಂತೂ ಯಾರೂ ಇಲ್ಲ. ಹೋಟೆಲುಗಳ ನೆಲಕ್ಕೆ ಹಾಸಿರುವುದು ಪಾಲಿಶ್ ಮಾಡಿದ ಗ್ರಾನೈಟ್ ಅಥವಾ ಶಹಾಬಾದ್ ಕಲ್ಲು, ಅದರ ಮೇಲೆ ಸದಾ ಒಂದಿಷ್ಟು ನೀರು ಚೆಲ್ಲಿರುತ್ತದೆ. ಉಬ್ಬಿಕೊಂಡಿರುವ ಪ್ಲಾಸ್ಟಿಕ್ ಕ್ಲೀಟ್ ತೊಟ್ಟು ಅಲ್ಲಿ ಕೈತೊಳೆಯುವ ಜಾಗದವರೆಗೆ ಹೋಗಿ ಬರುವುದು ಸಂಡೂರಿನ ಏರು ಹತ್ತುವುದಕ್ಕಿಂತ ಕಷ್ಟದ ಕೆಲಸ. ಬ್ರೆವೆಯಲ್ಲೂ ಅಷ್ಟೇ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಅವಕಾಶವಿರುತ್ತದೆ, ಪ್ರತಿ ಕಂಟ್ರೋಲ್‌ನಲ್ಲಿ (ತಪಾಸಣೆಯ ಜಾಗ) ಇಳಿದು ಕಾರ್ಡಿಗೆ ಮುದ್ರೆ ಹಾಕಿಸಬೇಕು, ನೀರು ತುಂಬಿಕೊಳ್ಳಬೇಕು, ಶೌಚಾಲಯ ಹುಡುಕಬೇಕು. ದೂರದ ಸವಾರಿಯವರಲ್ಲಿ ಬಹಳ ಜನ ರೋಡ್ ಬೈಕಿಗೂ ಎರಡು ಬೋಲ್ಟಿನ ಪೆಡಲ್ ಹಾಕಿಸಿಕೊಳ್ಳುವುದಕ್ಕೆ ಕಾರಣ ಇದೇ.

ತೂಕದ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಬದಿ ಕಚ್ಚುವ, ಎರಡು ಬೋಲ್ಟಿನ ಶಿಮಾನೊ ಎಂ520 ಜೋಡಿ ಸುಮಾರು 380 ಗ್ರಾಂ ತೂಗುತ್ತದೆ, ಕಾರ್ಬನ್ ಮೈಯ, ಮೂರು ಬೋಲ್ಟಿನ 105 ಸರಣಿಯ ಆರ್7000 ಸುಮಾರು 265 ಗ್ರಾಂ. ವ್ಯತ್ಯಾಸ ನಿಮ್ಮ ಬಾಟಲಿಯ ಅರ್ಧ ನೀರಿಗಿಂತ ಕಡಿಮೆ. ಕ್ಲಿಪ್‌ಲೆಸ್ ಹಾಕಿದರೆ ಕಾಲನ್ನು ಮೇಲಕ್ಕೂ ಎಳೆದು ಎರಡರಷ್ಟು ಬಲ ಪಡೆಯಬಹುದೆಂದು ಹೇಳುವವರ ಮಾತನ್ನೂ ಅಷ್ಟಕ್ಕೇ ಬಿಡಿ. ನಿಜವಾದ ಲಾಭವೆಂದರೆ ವೇಗವಾಗಿ ತುಳಿಯುವಾಗ, ಹದಗೆಟ್ಟ ಡಾಂಬರಿನ ಮೇಲೆ ಸೈಕಲ್ ಕುಣಿಯುವಾಗ, ಎದ್ದು ನಿಂತು ಏರು ಹತ್ತುವಾಗ ಪಾದ ಇದ್ದಲ್ಲಿಯೇ ಇರುತ್ತದೆ.

ನಿಮ್ಮ ಭಯದ ಬಗ್ಗೆ. ಎಸ್‌ಪಿಡಿಯಲ್ಲಿ ಎರಡು ಬಗೆಯ ಕ್ಲೀಟ್‌ಗಳು ಸಿಗುತ್ತವೆ: ಎಸ್‌ಎಚ್51 ಎಂಬುದು ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್56 ಪಕ್ಕಕ್ಕಲ್ಲದೆ ಓರೆಯಾಗಿ ಮೇಲಕ್ಕೆ ಎಳೆದರೂ ಬಿಡುತ್ತದೆ. ಹೊಸಬರಿಗೆ 56 ಒಳ್ಳೆಯದು. ಆದರೆ ಎದ್ದು ನಿಂತು ಜೋರಾಗಿ ತುಳಿಯುವ ಅಭ್ಯಾಸವಾದ ಮೇಲೆ ಅನಿರೀಕ್ಷಿತವಾಗಿ ಬಿಟ್ಟುಕೊಳ್ಳಬಹುದು, ಆಗ 51ಕ್ಕೆ ಬದಲಾಯಿಸಿಕೊಳ್ಳಿ. ಪೆಡಲ್‌ನ ಸ್ಪ್ರಿಂಗ್ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲು ಸಣ್ಣ ಸ್ಕ್ರೂ ಇರುತ್ತದೆ, ಎರಡೂ ಬದಿ ಕಚ್ಚುವ ಪೆಡಲ್‌ನಲ್ಲಿ ಬದಿಗೊಂದರಂತೆ ಜೋಡಿಗೆ ಒಟ್ಟು ನಾಲ್ಕು. ಎಲ್ಲವನ್ನೂ ಅತ್ಯಂತ ಸಡಿಲಕ್ಕೆ ಇಟ್ಟು ಆರಂಭಿಸಿ. ಮೊದಲು ಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಕುವುದು, ಬಿಡಿಸುವುದು ಮಾಡಿ. ಆಮೇಲೆ ಖಾಲಿ ಮೈದಾನದಲ್ಲಿ. ರಸ್ತೆಯಲ್ಲಿ ಎಡಗಾಲನ್ನೇ ಬಿಡಿಸುವ ರೂಢಿ ಮಾಡಿಕೊಳ್ಳಿ, ಏಕೆಂದರೆ ನಮ್ಮಲ್ಲಿ ರಸ್ತೆಯ ಅಂಚು ಎಡಕ್ಕಿರುತ್ತದೆ, ಬಲಕ್ಕೆ ವಾಲಿದರೆ ಲಾರಿಯ ಕಡೆಗೇ ವಾಲುತ್ತೀರಿ. ಮುಖ್ಯವಾದದ್ದು, ಸರ್ಕಲ್ ಹತ್ತಿರ ಬಂದಾಗ ನಿಂತ ಮೇಲೆ ಬಿಡಿಸುವುದಲ್ಲ, ಗಾಲಿ ಇನ್ನೂ ಉರುಳುತ್ತಿರುವಾಗಲೇ ಎಡ ಪೆಡಲ್ಲನ್ನು ಕೆಳಕ್ಕೆ ತಂದು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿಬಿಡಬೇಕು.

ಪೇಟೆಯೊಳಗೆ ಆ ಗೊಡವೆಯೇ ಬೇಡವೆನಿಸಿದರೆ ಶಿಮಾನೊ ಇಎಚ್500 ನೋಡಿ: ಒಂದು ಬದಿ ಎಸ್‌ಪಿಡಿ, ಇನ್ನೊಂದು ಬದಿ ಸಾಮಾನ್ಯ ಸಮತಟ್ಟು. ಊರು ದಾಟುವವರೆಗೆ ಸಮತಟ್ಟು ಬದಿಯಲ್ಲಿ ತುಳಿದು, ಬೈಪಾಸ್ ದಾಟಿದ ಮೇಲೆ ಕ್ಲೀಟ್ ಕಚ್ಚಿಸಬಹುದು. ಅದರ ಕಿರಿಕಿರಿ ಒಂದೇ, ಬೇಕಾದ ಬದಿ ಒಂದೇ ಸಲಕ್ಕೆ ಕಾಲಿಗೆ ಸಿಗುವುದಿಲ್ಲ.

ನಮ್ಮ ಕಡೆ ಅದಿರಿನ ಲಾರಿಗಳ ಕೆಂಪು ಧೂಳು ಸ್ಪ್ರಿಂಗಿನೊಳಗೆ ಎಣ್ಣೆಯೊಂದಿಗೆ ಕಲೆತು ಅಂಟಾಗಿ ಕೂರುತ್ತದೆ, ಆಗ ಸಡಿಲವಿಟ್ಟ ಪೆಡಲ್ ಕೂಡ ಗಟ್ಟಿಯಾಗಿ ವರ್ತಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಣಗಿರುವಾಗಲೇ ಉಜ್ಜಿ, ಬಳಿಕ ಸ್ಪ್ರಿಂಗಿನ ತಿರುಗಣೆಗೆ ಒಂದು ಹನಿ ಚೈನ್ ಎಣ್ಣೆ ಬಿಟ್ಟು ಒರೆಸಿದರೆ ಸಾಕು.

ರಾಯಚೂರಿನಿಂದ:

ತೋರಣಗಲ್ಲಿನವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅವರ ಲೆಕ್ಕ ಇಳಿದು ನಡೆಯುವವರದ್ದು. ಮಾನ್ವಿ, ಸಿಂಧನೂರಿನ ಕಡೆಯ ನೇರ ರಸ್ತೆಗಳಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ತುಳಿಯುವ ನನ್ನಂಥವನಿಗೆ ಮುಖ್ಯವೆನಿಸುವುದು ಪಾದದ ಕೆಳಗಿನ ಆಸರೆ. ಮೆತ್ತನೆಯ ಅಟ್ಟೆಯ ಶೂಗೆ ಸಣ್ಣ ಎಸ್‌ಪಿಡಿ ಕ್ಲೀಟ್ ಹಾಕಿಕೊಂಡರೆ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಪಾದದ ಮುಂಭಾಗ ಉರಿಯತೊಡಗುತ್ತದೆ. ನಮ್ಮ ಬಿಸಿಲಿಗೆ ಪಾದವೂ ಊದುವುದರಿಂದ ಉರಿ ಇನ್ನಷ್ಟು ಹೆಚ್ಚುತ್ತದೆ. ಮೂರು ಬೋಲ್ಟಿನ ಅಗಲ ಕ್ಲೀಟ್ ಮತ್ತು ಗಟ್ಟಿ ಅಟ್ಟೆಯ ಶೂಗೆ ಬಂದ ಮೇಲೆ ನನಗೆ ಆ ತೊಂದರೆ ಕಾಡಿಲ್ಲ. ಎರಡು ಬೋಲ್ಟನ್ನೇ ಆರಿಸಿಕೊಂಡರೂ ಅಟ್ಟೆ ಮಾತ್ರ ಗಟ್ಟಿಯಾಗಿರಲಿ. ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಸುಲಭವಾಗಿ ಬಗ್ಗಬಾರದು. ಅಳತೆ ನೋಡುವುದನ್ನು ಸಂಜೆಯ ಹೊತ್ತಿಗೆ, ಸವಾರಿಯಲ್ಲಿ ಹಾಕುವ ಕಾಲುಚೀಲದೊಂದಿಗೇ ಮಾಡಿ.

ಮೂರು ಬೋಲ್ಟಿನದನ್ನು ಕೊಳ್ಳುವುದಾದರೆ ಕ್ಲೀಟ್‌ನ ಬಣ್ಣ ನೋಡಿ ಕೊಳ್ಳಿ. ಪೆಡಲ್ ಮೇಲೆ ಕಚ್ಚಿಕೊಂಡಿದ್ದರೂ ಹಿಮ್ಮಡಿ ಎಷ್ಟು ಅತ್ತಿತ್ತ ಆಡಬಹುದೆಂಬುದನ್ನು ಆ ಬಣ್ಣ ಹೇಳುತ್ತದೆ; ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಶಿಮಾನೊದಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2 ಡಿಗ್ರಿ, ಕೆಂಪಿಗೆ ಸೊನ್ನೆ. ಲುಕ್ ಕಿಯೊದಲ್ಲಿ ಕಪ್ಪಿಗೆ ಸೊನ್ನೆ, ಬೂದಿಗೆ 4.5 ಡಿಗ್ರಿ, ಕೆಂಪಿಗೆ 9 ಡಿಗ್ರಿ. ಅಂದರೆ ಒಂದು ಕಂಪನಿಯಲ್ಲಿ ಕೆಂಪು ಎಂದರೆ ಸ್ವಲ್ಪವೂ ಆಡದ್ದು, ಇನ್ನೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಆಡುವಂಥದ್ದು. ಮಂಡಿನೋವಿರುವ ನೀವು ಶಿಮಾನೊದಲ್ಲಾದರೆ ಹಳದಿಯನ್ನೇ ಕೇಳಿ; ಕೆಂಪನ್ನು ಕ್ಲೀಟ್‌ನ ಕೋನ ತನಗೆ ಎಷ್ಟಿರಬೇಕೆಂದು ಕರಾರುವಾಕ್ಕಾಗಿ ಗೊತ್ತಿರುವವರಿಗೆ ಬಿಡಿ.

ಈ ಪದ್ಧತಿಯ ಖರ್ಚನ್ನು ಮುಚ್ಚಿಡುವುದಿಲ್ಲ. ಪ್ಲಾಸ್ಟಿಕ್ ಕ್ಲೀಟ್ ನಡೆದಷ್ಟೂ ಸವೆಯುತ್ತದೆ. ಮೂತಿಯ ಹತ್ತಿರದ ಅಂಚು ತೆಳುವಾಗಿ, ಪೆಡಲ್ ಮೇಲೆ ಶೂ ಅಲುಗಾಡತೊಡಗಿದರೆ ಬದಲಾಯಿಸಲೇಬೇಕು. ರಾಯಚೂರಿನಲ್ಲಿ ನಾನು ಹೋಗುವ ಅಂಗಡಿಗಳಲ್ಲಿ ಇವು ಸಿಗುವುದಿಲ್ಲ, ಆದ್ದರಿಂದ ಒಂದು ಜೋಡಿಯನ್ನು ಮುಂಚಿತವಾಗಿಯೇ ತರಿಸಿಟ್ಟುಕೊಂಡಿರುತ್ತೇನೆ. ಜೇಬಿನಲ್ಲಿ ರಬ್ಬರ್ ಕ್ಲೀಟ್ ಕವರ್ ಇಟ್ಟುಕೊಂಡು, ಇಳಿದ ಕೂಡಲೇ ಹಾಕಿಕೊಂಡರೆ ಸವೆತವೂ ಕಡಿಮೆ, ಶಹಾಬಾದ್ ಕಲ್ಲಿನ ಮೇಲೆ ಜಾರುವುದೂ ಕಡಿಮೆ. ತೋರಣಗಲ್ಲಿನವರು ಕವರ್ ಬಗ್ಗೆ ಹೇಳಲೇ ಇಲ್ಲ.

ಗಂಗಾವತಿಯಿಂದ:

ಅಣ್ಣಾವರೇ, ಮಂಡಿನೋವಿರುವಾಗ ಪೆಡಲ್ ಬದಲಾಯಿಸುವುದಕ್ಕೆ ಮೊದಲು ಸೀಟಿನ ಎತ್ತರ ನೋಡಿಕೊಳ್ಳಿ. ನೋವು ಮಂಡಿಚಿಪ್ಪಿನ ಮುಂದೆ ಬರುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ, ಮಂಡಿಯ ಹಿಂಭಾಗದಲ್ಲಿ ಬರುತ್ತಿದ್ದರೆ ಎತ್ತರವಾಗಿರುತ್ತದೆ. ಒಳ ಅಥವಾ ಹೊರ ಪಕ್ಕದಲ್ಲಿ ನೋವಿದ್ದರೆ ಆಗ ಪಾದದ ಕೋನವನ್ನು ಅನುಮಾನಿಸಬೇಕು. ಊತವಿದ್ದರೆ ಅಥವಾ ಮೆಟ್ಟಿಲು ಹತ್ತುವಾಗಲೂ ನೋಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಪೆಡಲ್ ಎಲ್ಲಿಗೂ ಓಡಿಹೋಗುವುದಿಲ್ಲ. ಹೊಸ ಶೂ ಮತ್ತು ಪೆಡಲ್ ಸೇರಿದಾಗ ಪಾದಕ್ಕೂ ಪೆಡಲ್ ಅಚ್ಚಿಗೂ ನಡುವಿನ ದಪ್ಪ ಬದಲಾಗುವುದರಿಂದ ಸೀಟಿನ ಎತ್ತರವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಕ್ಲೀಟ್ ಕೂರಿಸುವುದನ್ನು ಆತುರದಲ್ಲಿ ಮಾಡಬೇಡಿ. ನಾನು ಮಾಡುವ ಕ್ರಮ ಹೀಗಿದೆ: ಶೂ ಹಾಕಿಕೊಂಡು, ಹೆಬ್ಬೆರಳಿನ ಬುಡದ ಗಂಟು ಎಲ್ಲಿದೆಯೆಂದು ಹೊರಗಿನಿಂದ ಒತ್ತಿ ನೋಡಿ ಅಲ್ಲೊಂದು ಗುರುತು, ಕಿರುಬೆರಳಿನ ಬುಡದ ಗಂಟಿನ ಬಳಿ ಇನ್ನೊಂದು ಗುರುತು ಹಾಕಿಕೊಳ್ಳುವುದು. ಕಿರುಬೆರಳಿನ ಗುರುತು ಹಿಂದಕ್ಕೆ ಬಂದಿರುತ್ತದೆ. ಈ ಎರಡರ ನಡುವೆ ಪೆಡಲ್‌ನ ಅಚ್ಚು ಬರುವಂತೆ ಕ್ಲೀಟ್ ಇಟ್ಟರೆ ಆರಂಭಕ್ಕೆ ಸರಿಯಾಗುತ್ತದೆ. ಪಾದ ಉರಿದರೆ ಇನ್ನೂ ಕೊಂಚ ಹಿಂದಕ್ಕೆ ಸರಿಸಬಹುದು. ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಪಾದ ಸಹಜವಾಗಿ ಯಾವ ಕಡೆ ತಿರುಗುತ್ತದೆಯೆಂದು ಕಾಣುತ್ತದೆ. ನನ್ನ ಬಲ ಪಾದ ಎಡಕ್ಕಿಂತ ಹೆಚ್ಚು ಹೊರಕ್ಕೆ ನೋಡುತ್ತದೆ, ಹಾಗಾಗಿ ನನ್ನ ಎರಡು ಶೂಗಳ ಕ್ಲೀಟ್‌ಗಳೂ ಒಂದೇ ಕೋನದಲ್ಲಿಲ್ಲ. ಎರಡೂ ಕಡೆ ಸಮವಾಗಿ ಕಾಣಲೆಂದು ಅಂಗಡಿಯವರು ಹಟ ಹಿಡಿದರೂ ನೀವು ಒಪ್ಪಬೇಡಿ. ಬೋಲ್ಟ್ ಸಡಿಲಿಸುವ ಮೊದಲು ಕ್ಲೀಟ್ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್.

ಸಿರುಗುಪ್ಪದ ಕಡೆ ಹೋಗುತ್ತೀರೆಂದು ಬರೆದಿದ್ದೀರಿ. ಅಲ್ಲೂ ನಮ್ಮ ಹಾಗೆಯೇ ಗದ್ದೆ, ಕಾಲುವೆ, ಎರೆ ಮಣ್ಣು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಆ ಮಣ್ಣನ್ನು ತಂದು ಹಾಕಿರುತ್ತವೆ. ಒಮ್ಮೆ ರಸ್ತೆ ಪಕ್ಕಕ್ಕೆ ಇಳಿದರೆ ಮೂರು ಬೋಲ್ಟಿನ ಕ್ಲೀಟ್ ಕಾಣದಂತೆ ಮೆತ್ತಿಕೊಳ್ಳುತ್ತದೆ, ಕಡ್ಡಿಯಿಂದ ಕೆರೆದು ತೆಗೆಯುವವರೆಗೆ ಪೆಡಲ್ ಕಚ್ಚುವುದಿಲ್ಲ. ಎಸ್‌ಪಿಡಿ ಸ್ವಲ್ಪ ವಾಸಿ. ಕೆಸರಿಗೆ ಎಲ್ಲಕ್ಕಿಂತ ಹೊಂದುವುದು ನಾಲ್ಕು ಕಡೆಯಿಂದ ಕಚ್ಚುವ ಕ್ರ್ಯಾಂಕ್‌ಬ್ರದರ್ಸ್ ಎಗ್‌ಬೀಟರ್, ಆದರೆ ಅದರ ಹಿತ್ತಾಳೆಯ ಕ್ಲೀಟ್ ಬೇಗ ಸವೆಯುತ್ತದೆ, ಬಿಗಿ ಹೊಂದಿಸುವ ಸ್ಕ್ರೂ ಇಲ್ಲ. ನಿಮಗೆ ಅದನ್ನು ಹೇಳಲಾರೆ. ನನ್ನ ಮತ ಎರಡು ಬೋಲ್ಟಿಗೆ, ಗಟ್ಟಿ ಅಟ್ಟೆಯ ಶೂಗೆ.

ಕೇಳಿದವರು, ಬಳ್ಳಾರಿಯಿಂದ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಗಟ್ಟಿ ಅಟ್ಟೆಯ ಎರಡು ಬೋಲ್ಟಿನ ಶೂ, ಇಎಚ್500 ಪೆಡಲ್, ಎಸ್‌ಎಚ್56 ಕ್ಲೀಟ್ ಎಂದು ತೀರ್ಮಾನಿಸಿದ್ದೇನೆ. ನೋವು ಮಂಡಿಚಿಪ್ಪಿನ ಮುಂದೆಯೇ ಇರುವುದರಿಂದ ಸೀಟನ್ನು ಸ್ವಲ್ಪ ಏರಿಸಿದ್ದೇನೆ. ಇನ್ನೊಂದು ಸಮಸ್ಯೆ: ಹಳೆಯ ಪೆಡಲ್‌ಗಳಲ್ಲಿ ಬಲಗಡೆಯದು ಬಿಚ್ಚಿತು, ಎಡಗಡೆಯದು ಎಷ್ಟು ಬಲ ಹಾಕಿದರೂ ಅಲುಗುತ್ತಿಲ್ಲ.

ತೋರಣಗಲ್ಲಿನಿಂದ:

ಎಡ ಪೆಡಲ್‌ನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ ಸರ್. ಬಲಗಡೆಯದನ್ನು ಬಿಚ್ಚಿದ ದಿಕ್ಕಿನಲ್ಲೇ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ನೆನಪಿಡಲು ಸುಲಭವಾದ ದಾರಿಯೆಂದರೆ, ಪಾನಾವನ್ನು ಪೆಡಲ್‌ನ ಅಚ್ಚಿಗೆ ಹಾಕಿ, ಅದರ ಹಿಡಿಯನ್ನು ಮೇಲ್ಮುಖವಾಗಿ ನಿಲ್ಲಿಸಿ ಸೈಕಲ್‌ನ ಹಿಂದಿನ ಗಾಲಿಯ ಕಡೆಗೆ ತಳ್ಳಿದರೆ ಎರಡೂ ಪೆಡಲ್‌ಗಳು ಬಿಚ್ಚುತ್ತವೆ. ಹೊಸದನ್ನು ಹಾಕುವಾಗ ಮರೆಗೆ ಗ್ರೀಸ್ ಸವರಿ, ಮೊದಲ ಕೆಲವು ಸುತ್ತನ್ನು ಬೆರಳಿನಿಂದಲೇ ತಿರುಗಿಸಿ. ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಮರೆ ಓರೆಯಾಗಿ ಕೂತರೆ ಕ್ರ್ಯಾಂಕ್ ತೋಳನ್ನೇ ಬದಲಾಯಿಸಬೇಕಾದೀತು.

ಕ್ಲೀಟ್ ಬೋಲ್ಟ್‌ಗಳಿಗೂ ತುಸು ಗ್ರೀಸ್ ಹಾಕಿ, 5ರಿಂದ 6 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಮೊದಲ ಕೆಲವು ಸವಾರಿಗಳ ನಂತರ ಮತ್ತೆ ಪರೀಕ್ಷಿಸಿ. ಎರಡರಲ್ಲಿ ಒಂದು ಬೋಲ್ಟ್ ಬಿದ್ದುಹೋದರೆ ನೀವು ಹಿಮ್ಮಡಿ ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಉಳಿಯುತ್ತದೆ, ಕಾಲು ಬಿಡುವುದಿಲ್ಲ. ಹಾಗಾದರೆ ಗಾಬರಿಯಾಗದೆ ಇನ್ನೊಂದು ಕಾಲನ್ನು ಬಿಡಿಸಿಕೊಂಡು, ಆ ಕಡೆಗೇ ವಾಲಿ ನಿಂತು, ಸಿಕ್ಕಿಕೊಂಡ ಶೂವಿನ ಪಟ್ಟಿ ಸಡಿಲಿಸಿ ಪಾದವನ್ನು ಹೊರಗೆಳೆದುಕೊಳ್ಳಿ. ಒಂದೆರಡು ಹೆಚ್ಚುವರಿ ಬೋಲ್ಟು ಮತ್ತು ಅದಕ್ಕೆ ಹೊಂದುವ ಅಲೆನ್ ಕೀ ಸೀಟಿನ ಕೆಳಗಿನ ಚೀಲದಲ್ಲಿರಲಿ.