‘ಯಯಾತಿ’ಯ ಪೂರು ದೊಡ್ಡವನಾಗುವುದು ಯಾವ ಗಳಿಗೆಯಲ್ಲಿ?

ಪ್ರಶ್ನೆ | ಡೊಂಬಿವಲಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾವೊಂದಿಷ್ಟು ಜನ ಸೇರಿ ಗಿರೀಶ ಕಾರ್ನಾಡರ ‘ಯಯಾತಿ’ ಆಡಲು ಹೊರಟಿದ್ದೇವೆ. ಆಫೀಸು ಮುಗಿಸಿ, ಲೋಕಲ್ ಹಿಡಿದು ಬಂದು ರಾತ್ರಿ ತಾಲೀಮು. ನನ್ನದು ಪೂರುವಿನ ಪಾತ್ರ. ವಂಶ, ಸಿಂಹಾಸನ, ಅಪ್ಪನ ಕೀರ್ತಿ ಯಾವುದಕ್ಕೂ ಸೊಪ್ಪು ಹಾಕದ ಹುಡುಗ ಶಾಪದಿಂದ ಅದೇ ಅಪ್ಪ ಯಯಾತಿಗೆ ಬಂದ ಮುಪ್ಪನ್ನು ತಾನು ಹೊತ್ತು, ತನ್ನ ಯೌವನ ಕೊಡಲು ಒಪ್ಪಿಬಿಡುತ್ತಾನೆ. ನಮ್ಮ ನಿರ್ದೇಶಕರು, ‘ಅವನು ದೊಡ್ಡವನಾಗೋದು ಅಲ್ಲೇ, ಮುಖದಲ್ಲಿ ಶಾಂತಿ ಬರಲಿ’ ಅಂತಾರೆ. ಎಷ್ಟು ಪ್ರಯತ್ನಪಟ್ಟರೂ ಆ ಶಾಂತಿ ನನಗೆ ಸುಳ್ಳು ಅನಿಸುತ್ತಿದೆ. ಈ ಪಾತ್ರ ಮಾಡಿದವರು, ನೋಡಿದವರು ದಯವಿಟ್ಟು ಹೇಳಿ.

ಉತ್ತರ | ಠಾಣೆಯ ಹಿರಿಯ

ನಿಮ್ಮ ನಿರ್ದೇಶಕರು ಹೇಳಿದ್ದು ಸರಿ. ಮಹಾಭಾರತದ ಆದಿಪರ್ವ ನೋಡಿ. ಯದು, ತುರ್ವಸು, ದ್ರುಹ್ಯು, ಅನು ನಾಲ್ವರೂ ಒಲ್ಲೆ ಅಂದರು, ಕಿರಿಯವನಾದ ಪೂರು ಒಪ್ಪಿದ, ರಾಜ್ಯ ಅವನಿಗೇ ಬಂತು. ಪಿತೃಭಕ್ತಿಯೇ ಆ ಪಾತ್ರದ ಜೀವಾಳ. ಮನಸ್ಸಿನಲ್ಲಿ ಭಕ್ತಿ ಇಟ್ಟುಕೊಂಡು ಆಡಿ, ಶಾಂತಿ ತಾನಾಗಿ ಬರುತ್ತದೆ.

ಉತ್ತರ | ಮಾಟುಂಗಾದ ಚಿತ್ರಲೇಖೆ

ಠಾಣೆಯವರ ಮಾತು ಪುರಾಣಕ್ಕೆ ಸರಿ, ಈ ನಾಟಕಕ್ಕೆ ಅಲ್ಲ. ನಾನು ಹಿಂದೆ ಪೂರುವಿನ ಹೆಂಡತಿ ಚಿತ್ರಲೇಖೆಯ ಪಾತ್ರ ಮಾಡಿದವಳು, ಹಾಗಾಗಿ ಪೂರುವನ್ನು ಅವಳ ಕಡೆಯಿಂದಲೇ ನೋಡುತ್ತೇನೆ.

ಕಾರ್ನಾಡರು ಇದನ್ನು ಬರೆದದ್ದು ಇಪ್ಪತ್ತೆರಡರ ಆಸುಪಾಸಿನಲ್ಲಿ, ಆಕ್ಸ್‌ಫರ್ಡಿಗೆ ಹೊರಡುವ ಮುಂಚೆ. ಹೋದ ಮಗ ತಿರುಗಿ ಬರುತ್ತಾನೋ ಇಲ್ಲವೋ ಎಂದು ಮನೆಯವರಿಗೆ ಆತಂಕ. ಹಿರಿಯರು ಕಿರಿಯರಿಂದ ತ್ಯಾಗ ಬೇಡುವುದು ಅವರಿಗೆ ಪುರಾಣದ ಸಂಗತಿಯಾಗಿರಲಿಲ್ಲ, ಮನೆಯೊಳಗಿನ ಸಂಕಟವಾಗಿತ್ತು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಅಚ್ಚಾಯಿತು. ಕಾರ್ನಾಡರು ಹುಟ್ಟಿದ್ದು ಇಲ್ಲೇ ಮಾಥೇರಾನಿನಲ್ಲಿ, ರಂಗನಿರ್ದೇಶಕ ಇಬ್ರಾಹಿಂ ಅಲ್ಕಾಜಿಯವರ ನಾಟಕ ನೋಡಿ ಬೆರಗಾದದ್ದು ನಮ್ಮ ಮುಂಬಯಿಯಲ್ಲಿ. ಆ ಲೆಕ್ಕಕ್ಕೆ ಈ ನಾಟಕ ನಮ್ಮೂರಿನದೂ ಹೌದು ಅಂತ ನನಗೊಂದು ಹೆಮ್ಮೆ.

ಈಗ ಅವರು ಕಥೆಗೆ ತಂದ ದೊಡ್ಡ ಬದಲಾವಣೆ ನೋಡಿ: ಪೂರುವಿಗೆ ಮದುವೆಯಾಗಿದೆ. ಈಗಷ್ಟೇ ಹೊಸ್ತಿಲು ತುಳಿದ ಹೆಂಡತಿ ಒಳಗಿದ್ದಾಳೆ. ಮುಪ್ಪನ್ನು ಒಪ್ಪಿಕೊಳ್ಳುವಾಗ ಅವನು ಅವಳನ್ನೊಂದು ಮಾತು ಕೇಳುವುದಿಲ್ಲ. ಅಲ್ಲಿ ಅವನು ಬೆಳೆದಿಲ್ಲ, ಆ ತ್ಯಾಗವೂ ಬಂಡಾಯದ ಇನ್ನೊಂದು ಮುಖ. ವಂಶದವರು ಗೆದ್ದು ದೊಡ್ಡವರಾದರು, ನಾನು ಕಳೆದುಕೊಂಡು ಅವರೆಲ್ಲರಿಗಿಂತ ಮೇಲಾಗುತ್ತೇನೆ ಎಂಬ ಹುಮ್ಮಸ್ಸು. ನಿಮಗೆ ಶಾಂತಿ ಸುಳ್ಳು ಅನಿಸುತ್ತಿದ್ದರೆ ನಿಮ್ಮ ಒಳಗಿವಿ ಸರಿಯಾಗಿಯೇ ಕೇಳುತ್ತಿದೆ. ಅಲ್ಲಿ ಬೇಕಾದದ್ದು ಜ್ವರ ಬಂದವನ ಕಣ್ಣಿನ ಹೊಳಪು.

ಆಮೇಲೆ ದೀಪದ ದೃಶ್ಯ. ಗಂಡನ ತ್ಯಾಗದ ಸುದ್ದಿ ಕೇಳಿ ಚಿತ್ರಲೇಖೆ ಮೊದಲು ಹೆಮ್ಮೆಪಡುತ್ತಾಳೆ, ಆರತಿ ಎತ್ತಲು ಹೋಗುತ್ತಾಳೆ. ದೀಪದ ಬೆಳಕಿನಲ್ಲಿ ಆ ಮುಖ ಕಂಡದ್ದೇ ತಡ, ಚೀರುತ್ತಾಳೆ. ಅವನನ್ನು ಹತ್ತಿರ ಸೇರಿಸುವುದಿಲ್ಲ. ನಾನು ಆಡುವಾಗ ದೀಪವನ್ನು ನಿಧಾನವಾಗಿ ಎತ್ತುತ್ತಿದ್ದೆ: ಮೊದಲು ಅವನ ಕೈ, ಆಮೇಲೆ ಕುತ್ತಿಗೆ, ಕೊನೆಗೆ ಮುಖ. ನಿಮ್ಮ ಚಿತ್ರಲೇಖೆಗೂ ಇದನ್ನು ಹೇಳಿ. ತನ್ನ ಔದಾರ್ಯಕ್ಕೆ ಇನ್ನೊಬ್ಬಳು ಬೆಲೆ ತೆರುತ್ತಿದ್ದಾಳೆ ಎಂಬುದು ಪೂರುವಿಗೆ ಮೊದಲ ಸಲ ತಾಗುವುದು ಆ ಚೀತ್ಕಾರದಲ್ಲಿ.

ಅವಳು ಸುಮ್ಮನೆ ಅಳುತ್ತ ಕೂರುವವಳಲ್ಲ. ಮಾವನ ಎದುರೇ ನಿಂತು ವಾದಿಸುತ್ತಾಳೆ. ನನ್ನ ಗಂಡನ ಯೌವನ ತೆಗೆದುಕೊಂಡಿದ್ದೀರಿ, ಹಾಗಾದರೆ ಅವನ ಜಾಗಕ್ಕೂ ನೀವೇ ಬನ್ನಿ ಎಂಬಲ್ಲಿಗೆ ಆ ವಾದ ಮುಟ್ಟುತ್ತದೆ. ಯಯಾತಿ ತತ್ತರಿಸುತ್ತಾನೆ. ಅವಳು ವಿಷ ಕುಡಿಯುತ್ತಾಳೆ. ಆಮೇಲಷ್ಟೇ ಅವನು ಮುಪ್ಪನ್ನು ಹಿಂದಕ್ಕೆ ಪಡೆದು ತನ್ನ ಪ್ರೇಯಸಿ ಶರ್ಮಿಷ್ಠೆಯ ಜೊತೆ ಕಾಡಿಗೆ ಹೊರಡುವುದು. ಪೂರುವಿಗೆ ಯೌವನ ಮರಳಿತು, ಸಿಂಹಾಸನವೂ ಸಿಕ್ಕಿತು, ಕಣ್ಣೆದುರು ಹೆಂಡತಿಯ ಹೆಣ. ಇದಕ್ಕೆಲ್ಲ ಏನರ್ಥ ಎಂದು ಆಗ ದೇವರನ್ನು ಕೇಳುತ್ತಾನಲ್ಲ, ಆ ಪ್ರಶ್ನೆ ಕೇಳಬಲ್ಲವನಾದದ್ದೇ ಅವನ ಬೆಳವಣಿಗೆ ಅಂತ ನಾನು ನಂಬಿದ್ದೇನೆ. ಅಲ್ಲಿಯವರೆಗೆ ಅವನ ಬಾಯಲ್ಲಿ ಎಲ್ಲದಕ್ಕೂ ಉತ್ತರವಿತ್ತು.

ಉತ್ತರ | ಠಾಣೆಯ ಹಿರಿಯ

ಚಿತ್ರಲೇಖೆಯ ಕಡೆಯಿಂದ ನೋಡಿದರೆ ನೀವು ಹೇಳುವುದು ಒಪ್ಪುವಂಥದ್ದೇ. ಆದರೂ ಬೇರೆ ಯಾರೂ ಮುಂದೆ ಬಾರದಿದ್ದಾಗ ಬಂದವನು ಅವನೊಬ್ಬನೇ ತಾನೇ? ಅದನ್ನು ಬರೀ ಹುಮ್ಮಸ್ಸು ಅಂತ ತೆಗೆದುಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಪ್ಪನ ಮೇಲಿನ ಕರುಣೆಯ ಒಂದು ಎಳೆಯಾದರೂ ಅಲ್ಲಿರಲಿ.

ಡೊಂಬಿವಲಿ ಹುಡುಗ

ಇಬ್ಬರಿಗೂ ಧನ್ಯವಾದ. ನಿನ್ನೆ ಒಪ್ಪಿಗೆಯ ಮಾತನ್ನು ತಗ್ಗಿದ ದನಿಯಲ್ಲಿ ಹೇಳದೆ, ಅಪ್ಪನನ್ನು ನೆಟ್ಟಗೆ ನೋಡುತ್ತ ಸ್ವಲ್ಪ ಅವಸರದಲ್ಲೇ ಹೇಳಿದೆ. ಎದುರಿನ ಯಯಾತಿ ತಾನಾಗಿ ಒಂದು ಹೆಜ್ಜೆ ಹಿಂದೆ ಸರಿದರು. ನಿರ್ದೇಶಕರು ಏನೂ ಹೇಳಲಿಲ್ಲ, ಇನ್ನೊಮ್ಮೆ ಮಾಡು ಅಂದರು. ಈಗ ಕಷ್ಟ ಕೊನೆಯದು: ಯೌವನ ಮರಳಿದ ಕೂಡಲೇ ನೆಟ್ಟಗೆ ನಿಲ್ಲಬೇಕೇ?

ಮಾಟುಂಗಾದ ಚಿತ್ರಲೇಖೆ

ಬೇಡ. ಮೈ ಸಡಿಲಾಗಲಿ, ಬೆನ್ನು ಬಾಗಿಯೇ ಇರಲಿ. ದೇವರನ್ನು ಕೇಳುವ ಮಾತಿಗೆ ಮಾತ್ರ ತಲೆ ಎತ್ತಿ. ಠಾಣೆಯವರ ಕರುಣೆಯ ಎಳೆಯನ್ನೂ ಬಿಡಬೇಡಿ, ಆ ಅವಸರದ ಒಳಗೆ ಅದು ಹಿಡಿಸುತ್ತದೆ. ಪ್ರಯೋಗದ ದಿನ ಗೊತ್ತಾದಾಗ ಇಲ್ಲೇ ಹಾಕಿ, ನಾನು ಬರುತ್ತೇನೆ.