ಸಹಾಯ ಬೇಕು: ಮದ್ದು ತುಂಬುವ ರೈಫಲ್‌ಗೆ ಗುರಿ ಹೊಂದಿಸುವುದು ಹೇಗೆ?

ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದವನು. 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ. ಅದಕ್ಕೇ ಅಮೆರಿಕದ ಓಹಾಯೋದಲ್ಲಿರುವ ತಮ್ಮ ತನ್ನ ಜಿಂಕೆ ಬೇಟೆಯ ರೈಫಲ್ ಬಗ್ಗೆ ನನ್ನನ್ನು ಕೇಳುತ್ತಿದ್ದಾನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಜಿಂಕೆ ಮುಟ್ಟುವ ಹಾಗಿಲ್ಲ. ಅಲ್ಲಿ ಲೈಸೆನ್ಸ್, ಸೀಸನ್ ಎಲ್ಲ ಇದೆ. ಇದು ಅವನ ಮೊದಲ ಬೇಟೆ.

ಅವನದು .50 ಕ್ಯಾಲಿಬರ್, ಅಂದರೆ ನಳಿಗೆಯ ಒಳಗಲ ಅರ್ಧ ಇಂಚು. ನಮ್ಮ ಕಡೆಯ ಹಳೇ ಕೇಪಿನ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಸಿಡಿಬಿಲ್ಲೆ) ಕೋವಿಯ ಹಾಗೆ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು, ಆದರೆ ನಳಿಗೆಯೊಳಗೆ ಸುರುಳಿ ಗೆರೆಗಳಿವೆ. 50 ಗಜದಲ್ಲಿ ಮರಳಿನ ಚೀಲದ ಮೇಲಿಟ್ಟು ಹೊಡೆದಿದ್ದಾನೆ. ಶುಚಿ ನಳಿಗೆಯ ಮೊದಲ ಗುಂಡು ಒಂದು ಕಡೆ. ಮುಂದಿನ 3 ಗುಂಡು ಅದಕ್ಕಿಂತ 3 ಇಂಚು ಬಲಕ್ಕೆ, ಒಟ್ಟೊಟ್ಟಿಗೆ! ಮದ್ದಿನ ಮಸಿಯೇ ಕಾರಣ ಅನಿಸುತ್ತದೆ, ಅಲ್ವಾ? ಪ್ರತಿ ಗುಂಡಿಗೂ ನಳಿಗೆ ಒರೆಸು, ಮದ್ದಿನ ಅಳತೆ ಬದಲಿಸಬೇಡ, ಗುಂಡನ್ನು ಕಡ್ಡಿಯಿಂದ ಒಂದೇ ಸಮ ಒತ್ತು ಅಂದಿದ್ದೇನೆ.

ಕಾಡಲ್ಲಿ ಸಿಗುವುದು ಒಂದೇ ಗುಂಡು, ಅದೂ ಶುಚಿ ನಳಿಗೆಯಿಂದ. ಹಾಗಾದರೆ ಆ ಮೊದಲ ಗುಂಡಿಗೇ ಗುರಿ ಹೊಂದಿಸಬೇಕಾ? ಇಲ್ಲ, ಮದ್ದು ತುಂಬುವ ಮೊದಲು ಬರೀ ಒಂದು ಕೇಪು ಸಿಡಿಸಿಕೊಂಡರೆ ಸಾಕಾ? ಗುರಿ ತಪ್ಪಿ ಜಿಂಕೆ ಗಾಯಗೊಂಡು ನರಳಬಾರದು, ನನಗೆ ಅದೇ ಚಿಂತೆ. ಅವನು ಶನಿವಾರ ಮತ್ತೆ ರೇಂಜಿಗೆ ಹೋಗುತ್ತಾನೆ. ಬಲ್ಲವರು ಅಷ್ಟರೊಳಗೆ ದಯವಿಟ್ಟು ತಿಳಿಸಿ.